ತುದಿಯಿಂದ ನಾಲ್ಕು ಬೆರಳು

ಜೂನ್ 10, ಸೋಮವಾರ

ಈ ಡೈರಿ ಬೀಜದ ಕಂಪನಿಯವರು ಹೊಸ ವರ್ಷಕ್ಕೆ ಹಂಚಿದ್ದು. ಪ್ರತಿ ಪುಟದ ಕೆಳಗೂ ಒಂದು ಭತ್ತದ ತೆನೆ ಇದೆ. ಐದು ತಿಂಗಳು ಟ್ರಂಕಿನಲ್ಲಿ ಬಿದ್ದಿತ್ತು. ಇವತ್ತು ಪೀರಮ್ಮ ಅದನ್ನು ತೆಗೆದು ನನ್ನ ತಾಟಿನ ಪಕ್ಕಕ್ಕೆ ಕುಕ್ಕಿದಳು. "ವರ್ಕ್‌ಶಾಪಿನ ಪುರಾಣ ನನ್ನ ಮುಂದ ಬಿಚ್ಚಬ್ಯಾಡ. ಇದರಾಗ ಬರಕೋ. ಇದಕ್ಕ ಬ್ಯಾಸರಾ ಆಗಂಗಿಲ್ಲ" ಎಂದಳು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಯ ಅಕ್ಕರೆ ಇದು.

ಆಗಲಿ, ಬರೆಯುತ್ತೇನೆ. ಸಿಂಧನೂರಿನ ನಮ್ಮ ವರ್ಕ್‌ಶಾಪಿಗೆ ಇವತ್ತು ಹೊಸ ಯಂತ್ರದ ಸವಾರಿ ಬಂತು. ಅದರ ಹೆಸರು ಪ್ಲಾಸ್ಮಾ ಸ್ಪ್ರೇ. ಸವೆದ ಶಾಫ್ಟಿನ ಮೈಗೆ ವೆಲ್ಡಿಂಗ್ ತುಂಬಿ, ಲೇತಿನಲ್ಲಿ ತಿರುವಿ ಅಳತೆಗೆ ತರುವ ಕೆಲಸವನ್ನು ನಾನು ಮೂವತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಈ ಭಾಗದ ರೈಸ್‌ಮಿಲ್ಲುಗಳು ತಿರುಗುತ್ತಿರುವುದು ಆ ಶಾಫ್ಟುಗಳ ಮೇಲೆಯೇ. ಆದರೆ ವೆಲ್ಡಿಂಗ್ ಕಾವಿಗೆ ಶಾಫ್ಟು ಸೊಟ್ಟಗಾಗುತ್ತದೆ ಎಂಬ ಜ್ಞಾನ ನಮ್ಮ ಸಾವ್ಕಾರ ಚನ್ನವೀರಪ್ಪನಿಗೆ ಮೊಬೈಲಿನಲ್ಲಿ ಈಚೆಗೆ ಉದಯಿಸಿದೆ. ಈ ಯಂತ್ರ ಲೋಹವನ್ನು ಕರಗಿಸಿ ಹನಿ ಹನಿಯಾಗಿ ಎರಚುತ್ತದಂತೆ, ಶಾಫ್ಟಿಗೆ ಅದರ ಕಾವೇ ತಗಲುವುದಿಲ್ಲವಂತೆ.

ಯಂತ್ರದ ಜತೆ ಒಬ್ಬ ಮೇಡಂ ಕೂಡ ಇಳಿದಿದ್ದಾಳೆ. ಹೆಸರು ಭಾರತಿ. ವಯಸ್ಸು ಇಪ್ಪತ್ತಾರು, ಓದಿದ್ದು ಡಿಪ್ಲೊಮಾ, ಹೈದರಾಬಾದಿನಲ್ಲಿ ಮೂರು ವರ್ಷ ಇದೇ ಕೆಲಸ ಮಾಡಿದ್ದಾಳೆ. ಯಂತ್ರವನ್ನು ಎರಡು ತಿಂಗಳ ಪರೀಕ್ಷೆಗೆ ತರಿಸಿದ್ದಾರೆ. ಕೆಲಸ ನಡೆದರೆ ಇಬ್ಬರೂ ಉಳಿಯುತ್ತಾರೆ, ಇಲ್ಲದಿದ್ದರೆ ಬಂದ ಲಾರಿಯಲ್ಲೇ ಯಂತ್ರವೂ ಮೇಡಮ್ಮೂ ವಾಪಸ್.

"ಹುಸೇನಪ್ಪ, ಸ್ಪ್ರೇ ಕೆಲಸದಾಗ ಮೇಡಂ ಹೇಳಿದಂಗ ಕೇಳು. ನೀ ಆಕಿಗಿ ಹೆಲ್ಪರ್" ಎಂದರು ಸಾವ್ಕಾರರು. ಐವತ್ನಾಲ್ಕನೇ ವಯಸ್ಸಿಗೆ ಇಂಥ ಬಡ್ತಿ ಎಲ್ಲರಿಗೂ ಸಿಗುವುದಿಲ್ಲ.

ಜೂನ್ 11, ಮಂಗಳವಾರ

ಬೆಳಿಗ್ಗೆ ಮಸ್ಕಿಯಲ್ಲಿ ಬಸ್ಸು ಹತ್ತಿದರೆ ಒಳಗೆ ಮೇಡಂ! ಲಿಂಗಸುಗೂರಿನಿಂದ ಅದೇ ಬಸ್ಸಿಗೆ ಬರುತ್ತಾಳೆ. ಪಕ್ಕದ ಸೀಟಿನ ಮೇಲಿದ್ದ ಚೀಲ ಎತ್ತಿಕೊಂಡು, "ಅಂಕಲ್, ಬರ್ರಿ, ಕುಂದರ್ರಿ" ಎಂದಳು. ಅಂಕಲ್ ಅಂತೆ. ನನಗೆ ನಿಂತರೇ ಆರಾಮ ಎಂದು ಹೇಳಿ ಸಿಂಧನೂರಿನ ತನಕ ಕಂಬಿಗೆ ಜೋತುಬಿದ್ದು ಬಂದೆ. ಮೊಣಕಾಲು ಈಗಲೂ ನೋಯುತ್ತಿದೆ.

ಯಂತ್ರ ನಡೆಸಿ ತೋರಿಸಿದಳು. ಪಿಸ್ತೂಲಿನಂಥ ಒಂದು ಗನ್ನು. ಅದರೊಳಗೆ ಕರೆಂಟಿನ ಕಿಡಿ ಹಾರುತ್ತದೆ, ಆ ಕಿಡಿಯ ನಡುವೆ ಗ್ಯಾಸು ನುಗ್ಗಿ ಬಿಳಿ ಜ್ವಾಲೆಯಾಗಿ ಹೊರಬೀಳುತ್ತದೆ. ಸದ್ದು ಹೇಗೆಂದರೆ ಸತ್ತವರೂ ಎದ್ದು ಕೂರಬೇಕು. "ಸೂರ್ಯನ ಮೈಗಿಂತ ಬಿಸಿ ಅಂತೋ ಹುಸೇನಪ್ಪಾ!" ಎಂದು ಸಾವ್ಕಾರರು ಕಿವಿ ಮುಚ್ಚಿಕೊಂಡು ಕೂಗಿದರು. ಸಿಂಧನೂರಿಗೆ ಅದೊಂದು ಕಡಿಮೆಯಾಗಿತ್ತು.

ಕಪ್ಪು ಗಾಜಿನಿಂದ ನೋಡಿದೆ. ಸಣ್ಣ ಕೊಳವೆಯಿಂದ ಲೋಹದ ಪುಡಿ ಜ್ವಾಲೆಗೆ ಬೀಳುತ್ತದೆ. ಒಳಗೆ ಹೋಗುವಾಗ ಹಿಟ್ಟು, ಹೊರಗೆ ಬರುವಾಗ ಹನಿ. ಲಕ್ಷ ಲಕ್ಷ ಹನಿಗಳು ತಿರುಗುವ ಶಾಫ್ಟಿಗೆ ಬಡಿಯುತ್ತವೆ.

"ಹನಿ ಬಡದ ಕೂಡ್ಲೇ ಚಪ್ಪಟಿ ಆಗಿ ಆರ್ತಾವ್ರಿ, ರೊಟ್ಟಿ ತಟ್ಟಿದಂಗ. ಒಂದರ ಮ್ಯಾಲ ಒಂದು ಕುಂದರ್ತಾವ. ಶಾಫ್ಟಿನ ಮೈ ಒರಟಿದ್ರ ಆ ಸಂದಿನ್ಯಾಗ ಗಟ್ಟಿ ಕಚ್ಚಿ ಹಿಡೀತಾವ" ಎಂದಳು ಮೇಡಂ.

ಮುಗಿದ ಮೇಲೆ ಶಾಫ್ಟಿನ ಹತ್ತಿರ ಕೈ ಹಿಡಿದೆ. ಬೇಸಿಗೆಯಲ್ಲಿ ಬಿಸಿಲಿಗಿಟ್ಟ ಸೈಕಲ್ಲಿನಷ್ಟು ಬೆಚ್ಚಗಿತ್ತು, ಅಷ್ಟೇ. ನೋಡಲು ಚೆನ್ನಾಗಿತ್ತು ಎಂದು ಈ ತೆನೆಯ ಮುಂದೆ ಒಪ್ಪಿಕೊಳ್ಳುತ್ತೇನೆ. ಬೇರೆ ಯಾರ ಮುಂದೆಯೂ ಅಲ್ಲ.

ಜೂನ್ 13, ಗುರುವಾರ

ಇವತ್ತು ಒಂದು ಬೋರ್ಡು ಬಿತ್ತು. "ಮುಟ್ಟಬೇಡಿ." ಕೆಂಪು ಅಕ್ಷರ, ಕೈಯಷ್ಟು ದೊಡ್ಡದು.

ಸ್ಪ್ರೇ ಮಾಡುವ ಮೊದಲು ಶಾಫ್ಟಿನ ಮೈ ಒರಟು ಮಾಡಬೇಕು. ಗಟ್ಟಿ ಹರಳಿನ ಪುಡಿಯನ್ನು ಗಾಳಿಯ ಜೋರಿಗೆ ಅದರ ಮೇಲೆ ಹೊಡೆಸುತ್ತಾರೆ. ಅದಕ್ಕೆ ಬ್ಲಾಸ್ಟಿಂಗ್ ಎನ್ನುತ್ತಾರೆ. ಹಾಗೆ ಬ್ಲಾಸ್ಟ್ ಮಾಡಿದ ಶಾಫ್ಟನ್ನು ಸ್ಪ್ರೇ ಆಗುವ ತನಕ ಯಾರೂ ಬರಿಗೈಯಿಂದ ಮುಟ್ಟಕೂಡದಂತೆ. "ಕೈಯಾಗ ಎಣ್ಣಿ ಅಂಶ ಇರ್ತೈತ್ರಿ" ಎಂದಳು ಮೇಡಂ. ನನ್ನ ಕೈ ನಡೆಯುವುದಿಲ್ಲ ಎನ್ನಲು ಪ್ರತಿ ಕಾಲಕ್ಕೂ ಒಂದೊಂದು ಹೊಸ ಕಾರಣ ಹುಟ್ಟುತ್ತದೆ.

ನಾನು ಈ ಮಾತು ಕೇಳಿ ಬೆಳೆದವನು. ಚಿಕ್ಕವನಿದ್ದಾಗ ಜವಳಗೇರಾದಲ್ಲಿ ಚಾದಂಗಡಿಯ ಕಪ್ಪು ಮುಟ್ಟಬೇಡ ಎಂದರು, ಕೊಡ ಮುಟ್ಟಬೇಡ ಎಂದರು, ಕಟ್ಟೆ ಮುಟ್ಟಬೇಡ ಎಂದರು. ಅದಕ್ಕೇ ನಾನು ಕಬ್ಬಿಣದ ಕೆಲಸಕ್ಕೆ ಬಂದೆ. ಕಬ್ಬಿಣ ಒಂದು ದಿನವೂ ನನ್ನ ಕೈಯನ್ನು ಬೇಡ ಎಂದಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಇಲ್ಲಿ ಕಸ ಹೊಡೆಯಲು ಸೇರಿದ್ದೆ. ಒಂದು ದಿನ ಸುಮ್ಮನೆ ಒಂದು ಶಾಫ್ಟಿನ ತುದಿ ಹಿಡಿದು ಹೆಬ್ಬೆರಳು ಸವರಿ, "ಈ ಕಡಿ ಕೂದಲಷ್ಟು ದಪ್ಪ ಐತ್ರಿ" ಎಂದೆ. ದೊಡ್ಡ ಸಾವ್ಕಾರರು, ಅಂದರೆ ಚನ್ನವೀರಪ್ಪನ ತಂದೆ, ನಕ್ಕು ಅಳೆಸಿದರು. ಕೂದಲಷ್ಟೇ ದಪ್ಪವಿತ್ತು. ಮರುದಿನವೇ ಪೊರಕೆ ಬಿಡಿಸಿ ಲೇತಿಗೆ ನಿಲ್ಲಿಸಿದರು. ಅಂದಿನಿಂದ ಈ ಹೆಬ್ಬೆರಳು ಸವರದೆ ಒಂದು ಶಾಫ್ಟೂ ಹೊರಗೆ ಹೋಗಿಲ್ಲ.

ಈಗ ಬೋರ್ಡು ಬಂದಿದೆ. ಮೇಡಂ ದೊಡ್ಡ ಜನರ ಪೈಕಿಯೇ ಇರಬೇಕು, ಬೋರ್ಡು ಎಷ್ಟು ಸಲೀಸಾಗಿ ಹೊಡೆದಳು!

ಮೊದಲ ಕೆಲಸ ಜವಳಗೇರಾದ ಒಂದು ರೈಸ್‌ಮಿಲ್ಲಿನ ಶಾಫ್ಟು. ಮೇಡಂ ಕಿವಿಗೆ ಸದ್ದು ತಡೆಯುವ ಡಬ್ಬಿ ಹಾಕಿಕೊಳ್ಳಲು ಒಳಗೆ ಹೋದಳು. ನಾನು ಬೋರ್ಡನ್ನು ಒಮ್ಮೆ ನೋಡಿ, ಶಾಫ್ಟಿನ ತುದಿ ಹಿಡಿದು ಹೆಬ್ಬೆರಳು ಸವರಿದೆ. ಬ್ಲಾಸ್ಟಿಂಗ್ ಬರಾಬರಿ ಆಗಿತ್ತು. ಏನೂ ಆಗಲಿಲ್ಲ, ಆಕಾಶ ಬೀಳಲಿಲ್ಲ.

ಜೂನ್ 22, ಶನಿವಾರ

ಮಿಲ್ಲಿನವರು ಫೋನು ಮಾಡಿ ಹೊಗಳಿದರಂತೆ. ಸಾವ್ಕಾರರು ಪೇಡಾ ತಂದರು. ಮೇಡಂ ನನಗೆ ಎರಡು ಕೊಟ್ಟಳು. ಒಂದು ತಿಂದೆ. ಇನ್ನೊಂದು ಮನೆಗೆ ತಂದು ಪೀರಮ್ಮನಿಗೆ ಕೊಟ್ಟೆ. ಯಾರು ಕೊಟ್ಟರು ಎಂದು ಕೇಳಿದಳು. ಯಾರೋ ಎಂದೆ.

ಜುಲೈ 1, ಸೋಮವಾರ

ಶಾಫ್ಟು ತವರಿಗೆ ಬಂತು. ಬೇರಿಂಗ್ ಕೂರುವ ಕಡೆ ಲೇಪ ಹಪ್ಪಳದ ಹಾಗೆ ಎದ್ದಿದೆ. ಮಿಲ್ಲಿನವರು ಅದನ್ನು ವರ್ಕ್‌ಶಾಪಿನ ಬಾಗಿಲಲ್ಲೇ ಇಳಿಸಿ, ಬಾಯಿ ತುಂಬ ಆಶೀರ್ವಾದ ಮಾಡಿ ಹೋದರು.

ನನಗೆ ದುಃಖ ಉಕ್ಕಿ ಬಂತು ಎಂದು ಬರೆದರೆ ಈ ತೆನೆಯೂ ನಂಬುವುದಿಲ್ಲ. "ಸೂರ್ಯಗಿಂತ ಬಿಸಿ ಅಂದಿದ್ರೆಲ್ರೀ ಸಾವ್ಕಾರ್ರ?" ಎಂದು ಮಾತ್ರ ಕೇಳಿದೆ. ಅವರು ಒಳಗೆ ಹೋದರು.

ಮೇಡಂ ಊಟ ಬಿಟ್ಟು ಭೂತಗನ್ನಡಿ ಹಿಡಿದು ಶಾಫ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಗಾಳಿಯೊಳಗ ನೀರಿನ ಪಸೆ ಬಂದಿರಬೇಕು" ಎಂದಳು. ಆಮೇಲೆ "ಪುಡಿ ತಂಪು ಹಿಡಿದಿರಬೇಕು" ಎಂದಳು. ಪಾಪ, ಹೈದರಾಬಾದಿನಲ್ಲಿ ಕಲಿಸಿದ ಕಾರಣಗಳೆಲ್ಲ ಒಂದೊಂದಾಗಿ ಹೊರಬಂದವು. ನನ್ನ ವೆಲ್ಡಿಂಗು ಸೊಟ್ಟಗಾದರೂ ಎದ್ದು ಬರುವುದಿಲ್ಲ ಎಂದು ಹೇಳಬೇಕೆನಿಸಿತು. ಆಕೆಯ ಮುಖ ನೋಡಿ ನಾಳೆ ಹೇಳೋಣ ಎಂದು ಬಿಟ್ಟೆ.

ಜುಲೈ 5, ಶುಕ್ರವಾರ

ಮಣ್ಣೆತ್ತಿನ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಮಠದ ಅಯ್ಯನವರಾದ ಕರಿಬಸಯ್ಯನವರು ಬಂದು ಎಲ್ಲ ಯಂತ್ರಗಳಿಗೆ ಪೂಜೆ ಮಾಡುವುದು ನಮ್ಮಲ್ಲಿ ದೊಡ್ಡ ಸಾವ್ಕಾರರ ಕಾಲದಿಂದ ನಡೆದದ್ದು. ಲೇತಿಗೆ ಮೂರು ಪಟ್ಟೆ ವಿಭೂತಿ, ಡ್ರಿಲ್ಲಿಗೆ ಮೂರು ಪಟ್ಟೆ, ರಿಪೇರಿಗೆ ಬಂದ ಶಾಫ್ಟಿಗೂ ಮೂರು ಪಟ್ಟೆ. ನಡುವೆ ಕುಂಕುಮದ ಬೊಟ್ಟು. ಈ ಸಲ ಹೊಸ ಯಂತ್ರಕ್ಕೆ ದೃಷ್ಟಿಯಾಗಿದೆ ಎಂದು ತೀರ್ಮಾನವಾಯಿತು. ಲೋಹ ಕರಗಿಸುವ ಜ್ವಾಲೆಗೂ ದೃಷ್ಟಿಯಾಗುತ್ತದೆ ಎಂದರೆ ಜವಳಗೇರಾದವರ ಕಣ್ಣು ಎಂಥದ್ದಿರಬೇಕು!

ಗನ್ನಿನ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. "ಗನ್ ಹಚ್ಚಿದ್ರ ಅವು ಸುಟ್ಟು ಬೂದಿ ಆಕ್ಕಾವ್ರಿ ಸರ್" ಎಂದಳು ಮೇಡಂ. "ಹಂಗಾರ ಹಿಂದಗಡೆ ಕಟ್ರಿ" ಎಂದರು ಸಾವ್ಕಾರರು. ಆಕೆ ನನ್ನ ಕಡೆ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗೆ ಬಂತು. ನಾನು ಕೆಮ್ಮಿದ ಹಾಗೆ ಮಾಡಿ ತಪ್ಪಿಸಿಕೊಂಡೆ.

ಜುಲೈ 12, ಶುಕ್ರವಾರ

ಮೇಡಂ ವಾರದಿಂದ ಗಾಳಿಯ ಪೈಪು, ಫಿಲ್ಟರು ಎಲ್ಲ ಬಿಚ್ಚಿ ತೊಳೆಯುತ್ತಿದ್ದಾಳೆ. ಮುಖಕ್ಕೆ ಗ್ರೀಸು, ತಲೆಗೆ ಹರಳಿನ ಪುಡಿ. ಶಾಫ್ಟು ತಿರುಗಿಸುವ ಚೈನು ಲಟಲಟ ಎಂದು ಜಿಗಿಯುತ್ತಿತ್ತು. ಅದಕ್ಕೇ ಲೇಪ ಒಂದೇ ಸಮ ಬೀಳುವುದಿಲ್ಲ. ನಾನು ಊಟದ ಹೊತ್ತಿನಲ್ಲಿ ಲೇತಿನಲ್ಲಿ ಎರಡು ರಾಟೆ ಮಾಡಿ, ಚೈನಿನ ಬದಲು ಬೆಲ್ಟು ಹಾಕಿ ಕೊಟ್ಟೆ. ಆ ಲಟಲಟ ಸದ್ದಿಗೆ ನನ್ನ ತಲೆ ನೋಯುತ್ತಿತ್ತು, ಬೇರೆ ಕಾರಣವಿಲ್ಲ.

"ಎಷ್ಟ್ ಛಂದ ತಿರಗಾಕತ್ತೈತಿ ನೋಡ್ರಿ ಕಾಕಾ!" ಎಂದು ಚಪ್ಪಾಳೆ ತಟ್ಟಿದಳು. ಅಂಕಲ್ ಹೋಗಿ ಕಾಕಾ ಆಗಿದ್ದು ಯಾವಾಗಲೋ ಗೊತ್ತಾಗಲಿಲ್ಲ.

ಎರಡನೇ ಕೆಲಸ, ನೀರಿನ ಪಂಪಿನ ಶಾಫ್ಟು, ಬ್ಲಾಸ್ಟ್ ಆಗಿ ನಿಂತಿತ್ತು. ಬೆಲ್ಟು ಬಿಗಿ ಮಾಡುವಾಗ ಅಭ್ಯಾಸದಂತೆ ತುದಿ ಹಿಡಿದು ಒಮ್ಮೆ ಸವರಿ ನೋಡಿದೆ. ಬರಾಬರಿ ಇತ್ತು.

ಜುಲೈ 18, ಗುರುವಾರ

ನಿನ್ನೆ ಪಂಪಿನ ಶಾಫ್ಟೂ ವಾಪಸ್. ಹಪ್ಪಳ ಅದೇ ಕಡೆ ಎದ್ದಿದೆ.

ಬೆಳಿಗ್ಗೆ ಬಸ್ಸಿನಲ್ಲಿ ಮೊಣಕಾಲು ನೋಯುತ್ತಿದ್ದರಿಂದ ಪಕ್ಕದ ಸೀಟಿನಲ್ಲಿ ಕೂತೆ. ಭಾರತಿ ಕಿಟಕಿಯಾಚೆ ನೋಡುತ್ತ, "ನಮ್ಮವ್ವಗ ಇದನ್ನ ಇನ್ನಾ ಹೇಳಿಲ್ಲ ಕಾಕಾ" ಎಂದಳು. ಅವ್ವನ ಊರು ಸಾಲಗುಂದ, ಈಗ ಮಗಳ ಜತೆ ಲಿಂಗಸುಗೂರಿನಲ್ಲಿದ್ದಾಳೆ. ನಾಟಿ ಹಚ್ಚುವ ಕೂಲಿ ಮಾಡಿ ಮಗಳನ್ನು ಓದಿಸಿದ್ದಾಳೆ. ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿ ಕೊಳೆತು, ಈಗ ಚಪ್ಪಲಿ ಹಾಕಲಿಕ್ಕೂ ಆಗುವುದಿಲ್ಲವಂತೆ. ಅವಳಿಗಾಗಿಯೇ ಈಕೆ ಹೈದರಾಬಾದು ಬಿಟ್ಟು ಬಂದಿದ್ದಾಳೆ. "ಅಲ್ಲಿ ಮತ್ತ ಕರಿಯಂಗಿಲ್ಲ, ನನ್ನ ಜಾಗಾಕ್ಕ ಬ್ಯಾರೇದವರು ಬಂದಾರ. ಇಲ್ಲಿ ಕೆಟ್ರ ಎಲ್ಲೂ ಇಲ್ಲ" ಎಂದಳು.

ಮೊಬೈಲಿನಲ್ಲಿ ಅವ್ವನ ಫೋಟೊ ತೋರಿಸಿದಳು. ಹಿಂದೆ ಗೋಡೆಯ ಮೇಲೆ ಬಾಬಾಸಾಹೇಬರು, ಪಕ್ಕದಲ್ಲಿ ಬುದ್ಧ. ನಮ್ಮ ಮನೆಯ ಗೋಡೆಯೂ ಹಾಗೆಯೇ ಇದೆ. ನಾನು ಏನೇನು ಅಂದುಕೊಂಡಿದ್ದೆ ಎಂಬುದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಜೂನ್ 13ರ ಪುಟದಲ್ಲಿದೆ, ಬೇಕಾದರೆ ತಿರುವಿ ನೋಡಿ ನಾಚಿಕೆಪಡಬಹುದು.

"ಮತ್ತ ಆ ಬೋರ್ಡು?" ಎಂದು ಬಾಯಿತುದಿಗೆ ಬಂತು. ಕೇಳಲಿಲ್ಲ.

ಜುಲೈ 23, ಮಂಗಳವಾರ

ಅಮೀನ್‌ಸಾಬ್ ಬಂದಿದ್ದ. ಹಟ್ಟಿ ಚಿನ್ನದ ಗಣಿ ಕಡೆಯ ಗುತ್ತಿಗೆದಾರ, ಕಲ್ಲುಪುಡಿ ಕಲಸಿದ ನೀರು ಎತ್ತುವ ಪಂಪುಗಳನ್ನು ರಿಪೇರಿ ಮಾಡಿಸುತ್ತಾನೆ. ಆ ನೀರಿಗೆ ಶಾಫ್ಟು ಮೂರು ತಿಂಗಳಲ್ಲಿ ಸವೆದು ಕಡ್ಡಿಯಾಗುತ್ತದೆ. ಒಂದು ಶಾಫ್ಟು ಮಾಡಿ ಕೊಡಿ, ಗಟ್ಟಿ ನಿಂತರೆ ಉಳಿದವೆಲ್ಲ ನಿಮಗೇ ಎಂದ. ಇದು ಕೊನೆಯ ಅವಕಾಶ ಎಂದು ಸಾವ್ಕಾರರು ಭಾರತಿಗೆ ಎದುರಿಗೇ ಹೇಳಿದರು. ನನ್ನನ್ನು ಪಕ್ಕಕ್ಕೆ ಕರೆದು, "ಇದೂ ಎದ್ದು ಬಂತಂದ್ರ ಆಕಿನ್ನ ಕಳಸ್ತೀನಿ, ಮಶೀನೂ ವಾಪಸ್. ನೀನ ಮತ್ತ ಹೆಡ್ ಮಿಸ್ತ್ರಿ" ಎಂದರು. ತಿಂಗಳ ಹಿಂದೆ ಕೇಳಿದ್ದರೆ ಕುಣಿಯುತ್ತಿದ್ದೆ. ಇವತ್ತು ಬರೀ ತಲೆಯಾಡಿಸಿದೆ. ವಯಸ್ಸಾಯಿತು, ಯಾವ ಸುದ್ದಿಗೂ ಖುಷಿಯಾಗುವುದಿಲ್ಲ.

ಭಾರತಿ ಆ ಶಾಫ್ಟನ್ನು ಎರಡು ಸಲ ತೊಳೆದು, ಹೊಸ ಹರಳಿನಿಂದ ಬ್ಲಾಸ್ಟ್ ಮಾಡಿದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನಾಷ್ಟಾ ಮಾಡಿ ಬಾ ಎಂದು ಬೈದು ಕಳಿಸಿದೆ. ಆಕೆ ಅತ್ತ ಹೋದಾಗ, ಈ ಸಲವಾದರೂ ಹುಡುಗಿಗೆ ಒಳ್ಳೆಯದಾಗಲಿ ಎಂದು ಒಂದಲ್ಲ, ಎರಡು ಸಲ ಹೆಬ್ಬೆರಳು ಸವರಿ ನೋಡಿದೆ. ಒಂದು ಕಡೆಯೂ ನುಣುಪಿಲ್ಲ. ಇಷ್ಟು ಒಳ್ಳೆಯ ಬ್ಲಾಸ್ಟಿಂಗ್ ನಾನು ನೋಡಿಲ್ಲ. ಇದು ಎದ್ದು ಬರಲು ಸಾಧ್ಯವೇ ಇಲ್ಲ.

ಜುಲೈ 26, ಶುಕ್ರವಾರ

ಎದ್ದು ಬಂತು. ಪಂಪಿನ ತನಕವೂ ಹೋಗಲಿಲ್ಲ, ಗ್ರೈಂಡಿಂಗ್ ಕಲ್ಲು ತಾಗಿದ ಕೂಡಲೇ ಚಕ್ಕೆ ಹಾರಿತು. ಮುಂಚಿನ ಎರಡಕ್ಕಿಂತ ದೊಡ್ಡ ಚಕ್ಕೆ.

ಭಾರತಿ ಅಳಲಿಲ್ಲ. ಮೂರೂ ಶಾಫ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಚಕ್ಕೆ ಎದ್ದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. "ಕಾಕಾ, ಇಲ್ಲಿ ನೋಡ್ರಿ. ನೀರಿನ ಪಸೆ ಇದ್ರ ಎಲ್ಲಾ ಕಡೀನೂ ಏಳಬೇಕು. ಇದು ಮೂರೂ ಸಲ ಒಂದ ಜಾಗಾ. ತುದಿಯಿಂದ ನಾಕು ಬೆರಳು. ಇಲ್ಲಿಂದ ಶುರು ಆಗ್ಯಾದ. ಅಲ್ಲಿ ಏನೈತಿ ಅಂತ ನನಗ ತಿಳೀವಲ್ದು."

ಆಕೆ ಚಾ ತರಲು ಹೋದಳು. ಶಾಫ್ಟುಗಳನ್ನು ಕಪಾಟಿಗೆ ಎತ್ತಿಡೋಣವೆಂದು ಮೊದಲನೆಯದರ ತುದಿ ಹಿಡಿದೆ. ನಾಲ್ಕು ಬೆರಳು ಕೆಳಗೆ ಹೋದವು. ಹೆಬ್ಬೆರಳು ಮೇಲೆ ಬಂದು ಸೀಮೆಸುಣ್ಣದ ಗೆರೆಯ ಮೇಲೆಯೇ ಕೂತಿತು. ಎರಡನೆಯದನ್ನು ಹಿಡಿದೆ, ಅಲ್ಲೂ ಗೆರೆಯ ಮೇಲೆಯೇ. ಮೂರನೆಯದನ್ನು ಹಿಡಿಯಲು ಧೈರ್ಯವಾಗಲಿಲ್ಲ.

ಭಾರತಿ ತಂದ ಚಾ ಆರಿ ತಣ್ಣಗಾಯಿತು.

ಜುಲೈ 27, ಶನಿವಾರ

ಹೊಟ್ಟೆನೋವೆಂದು ಹೇಳಿ ಮನೆಯಲ್ಲಿ ಉಳಿದೆ. ಹೊಟ್ಟೆ ನೋಯಲಿಲ್ಲ.

ಜುಲೈ 29, ಸೋಮವಾರ

ಬಸ್ಸಿನಲ್ಲಿ ಎಂದಿನಂತೆ ಸೀಟು ಹಿಡಿದಿದ್ದಳು. ಹೊಟ್ಟೆ ಹೇಗಿದೆ ಎಂದು ಕೇಳಿ, ಅವ್ವ ಕೊಟ್ಟ ಓಂಕಾಳಿನ ಪುಡಿ ಕೈಗೆ ಹಾಕಿದಳು. ಇದಕ್ಕಿಂತ ನಾಲ್ಕು ಜನರ ಮುಂದೆ ಕಪಾಳಕ್ಕೆ ಹೊಡೆದಿದ್ದರೆ ಸುಖವಿತ್ತು.

ನಾನು ಸುಮ್ಮನಿರಬಹುದು. ಯಾರೂ ನೋಡಿಲ್ಲ. ನಾಳೆ ಆಕೆ ಹೋಗುತ್ತಾಳೆ, ನಾನು ಹೆಡ್ ಮಿಸ್ತ್ರಿ ಆಗುತ್ತೇನೆ, ನನ್ನ ಹೆಬ್ಬೆರಳಿನ ಕೀರ್ತಿಗೆ ಕುಂದಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತು. ಇವನು ಮುಟ್ಟಿದ್ದಕ್ಕೆ ಕೆಟ್ಟಿತು ಎನ್ನುತ್ತಾರೆ. ಆ ಒಂದು ಮಾತು ಯಾರ ಬಾಯಿಂದಲೂ ಬರಬಾರದೆಂದು ಮೂವತ್ತೆರಡು ವರ್ಷ ಈ ಕೈಯಿಂದ ದುಡಿದಿದ್ದೇನೆ. ಈಗ ನಾನೇ ಹೋಗಿ ಅವರ ಬಾಯಿಗೆ ಅದನ್ನು ಇಡಬೇಕು.

ಭಯವಾಗುತ್ತಿದೆ. ಬರೆದು ಬಿಡುತ್ತೇನೆ, ನನಗೆ ಭಯವಾಗುತ್ತಿದೆ.

ಜುಲೈ 30, ಮಂಗಳವಾರ

ಬೆಳಿಗ್ಗೆಯೇ ಸಾವ್ಕಾರರು ಭಾರತಿಯನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು. "ನಾಳಿಂದ ಬರೂದು ಬ್ಯಾಡಮ್ಮ, ನಿನ್ನ ತಪ್ಪು ಅಂತಲ್ಲ, ನಮಗ ಹೊಂದಲಿಲ್ಲ" ಎನ್ನುತ್ತಿದ್ದರು. ನಾನು ಅಮೀನ್‌ಸಾಬನ ಶಾಫ್ಟನ್ನು ಹೆಗಲ ಮೇಲೆ ಹೊತ್ತುಕೊಂಡೇ ಒಳಗೆ ಹೋಗಿ ಮೇಜಿನ ಮೇಲೆ ಇಟ್ಟೆ.

"ಸಾವ್ಕಾರ್ರ, ಮಶೀನಿಂದೂ ತಪ್ಪಿಲ್ಲ, ಹುಡುಗೀದೂ ಇಲ್ಲ. ಇಲ್ಲಿ ನೋಡ್ರಿ." ತುದಿ ಹಿಡಿದೆ. ಹೆಬ್ಬೆರಳು ಚಕ್ಕೆ ಎದ್ದ ಜಾಗದಲ್ಲಿ ಕೂತಿತು.

ಭಾರತಿ ಬೆರಳನ್ನೂ ನನ್ನ ಮುಖವನ್ನೂ ನೋಡಿದಳು. "ಮೂರೂ ಸಲಾನೂ?"

"ಮೂರೂ ಸಲಾನೂ. ಮೊದಲನೇದು ನಿನ್ನ ಬೋರ್ಡಿನ ಮ್ಯಾಲಿನ ಸಿಟ್ಟಿಗೆ. ಎರಡನೇದು ಚಟಾ. ಕಡೀದು ನಿನಗ ಛಲೋ ಆಗ್ಲಿ ಅಂತ."

"ಒಂದ್ ತಿಂಗಳಾತು ಕಾಕಾ, ನಾ ಕಣ್ಣ್ ತುಂಬ ನಿದ್ದಿ ಮಾಡಿಲ್ಲ. ಒಂದ್ ಮಾತು ಹೇಳಬಾರದಾಗಿತ್ತೇನ್ರಿ?" ಎಂದಳು. ದನಿ ಒಡೆಯಿತು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಸಾವ್ಕಾರರು ನನ್ನ ಕೈಯನ್ನು ನೋಡುತ್ತ ಕೂತಿದ್ದರು. ಆಮೇಲೆ ನನಗಲ್ಲ, ಆಕೆಗೆ ಹೇಳಿದರು: "ಅಂದ್ರ ಇಂವಾ ಮುಟ್ಟಿದ್ದಕ್ಕ ಕೆಟ್ಟೈತಿ. ಹಂಗಾರ ಮುಗೀತಲ್ಲ. ಇನ್ನ ಮ್ಯಾಲ ಹುಸೇನಪ್ಪ ಮುಟ್ಟೂದು ಬ್ಯಾಡ, ಉಳಿದವರು ಮುಟ್ರಿ." ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇವತ್ತು ಮಳೆ ಬರುವ ಹಾಗಿದೆ ಎನ್ನುವಷ್ಟು ಸರಳವಾಗಿ ಹೇಳಿದರು. ನಾನು ಹೆದರಿದ್ದ ಮಾತು ಕೊನೆಗೂ ಬಂತು. ಶಾಫ್ಟು ಎತ್ತಿಕೊಂಡು ಹೊರಡಲು ತಿರುಗಿದೆ.

"ಇಂವಾ ಅಂತಲ್ರಿ ಸರ್" ಎಂದಳು ಭಾರತಿ. ಒಡೆದ ದನಿ ಈಗ ಗಟ್ಟಿಯಾಗಿತ್ತು. "ಯಾರು ಮುಟ್ಟಿದ್ರೂ ಅಷ್ಟ. ನಾ ಮುಟ್ಟಿದ್ರೂ, ನೀವು ಮುಟ್ಟಿದ್ರೂ."

"ನನ್ನ ಕೈ ಸ್ವಚ್ಛ ಐತೆಲಾ. ಈಗರ ಪೂಜಿ ಮುಗಿಸಿ ಬಂದೀನಿ."

"ಹಂಗಾರ ಬರ್ರಿ" ಎಂದಳು.

ಒಂದು ತೆಳು ತಗಡು ಬ್ಲಾಸ್ಟ್ ಮಾಡಿದಳು. ಮೂವರೂ ಸೋಪು ಹಚ್ಚಿ ಕೈ ತೊಳೆದೆವು. ಸಾವ್ಕಾರರು ಎರಡು ಸಲ ತೊಳೆದು, ವಾಡಿಕೆಯಂತೆ ತಲೆಗೂದಲು ಸವರಿಕೊಂಡು ಬಂದರು. ಎಡಕ್ಕೆ ಅವರ ಹೆಬ್ಬೆರಳು, ನಡುವೆ ಭಾರತಿಯದು, ಬಲಕ್ಕೆ ನನ್ನದು. ತುದಿಯ ಒಂದು ಭಾಗ ಯಾರೂ ಮುಟ್ಟದೆ ಬಿಟ್ಟೆವು. ಗನ್ನು ಗುಡುಗಿತು, ಹನಿಗಳು ಬಡಿದವು. ಆರಿದ ಮೇಲೆ ತಗಡನ್ನು ವೈಸಿನ ದವಡೆಗೆ ಸಿಕ್ಕಿಸಿ ನಾನೇ ಬಗ್ಗಿಸಿದೆ.

ಟಪ್ ಎಂದು ಮೊದಲು ಎದ್ದದ್ದು ಸಾವ್ಕಾರರದು. ಎಲ್ಲಕ್ಕಿಂತ ಅಗಲವಾದ ಚಕ್ಕೆ, ಕೊಬ್ಬರಿಯೆಣ್ಣೆಯ ಮಹಿಮೆ. ಆಮೇಲೆ ಭಾರತಿಯದು, ಆಮೇಲೆ ನನ್ನದು. ಯಾರೂ ಮುಟ್ಟದ ಭಾಗ ತಗಡಿನ ಜತೆ ಬಾಗಿ ಹಾಗೇ ಕೂತಿತು.

"ಸೋಪು ಹಚ್ಚಿ ತೊಳದಿದ್ನೆಲಾ..." ಎಂದರು ಸಾವ್ಕಾರರು. ತಮ್ಮ ಹೆಬ್ಬೆರಳನ್ನು ತಿರುವಿ ತಿರುವಿ ನೋಡಿದರು, ಅಂಗಿಗೆ ಒರೆಸಿದರು, ಮತ್ತೆ ನೋಡಿದರು. ಆ ನೋಟವನ್ನು ನಾನು ಚಿಕ್ಕವನಿದ್ದಾಗ ನನ್ನ ಕೈಯ ಮೇಲೆಯೇ ಬೀರಿದ್ದೆ. ನಗು ಬರಬೇಕಿತ್ತು. ಪಾಪ ಎನಿಸಿತು.

ಒಳಗೆ ಹೋಗಿ ಅಮೀನ್‌ಸಾಬನಿಗೆ ಅವರೇ ಫೋನು ಹಚ್ಚಿ ಇನ್ನೊಂದು ಶಾಫ್ಟು ಕಳಿಸಲು ಹೇಳಿದರು. ಭಾರತಿ ಸಂಜೆಯ ತನಕ ನನ್ನ ಜತೆ ಮಾತಾಡಲಿಲ್ಲ. ಬಸ್ಸಿನಲ್ಲಿ ಸೀಟು ಮಾತ್ರ ಹಿಡಿದಿದ್ದಳು.

ಆಗಸ್ಟ್ 4, ಭಾನುವಾರ

ನಾಗರ ಅಮಾವಾಸ್ಯೆ, ಜತೆಗೆ ಭಾನುವಾರ. ಆದರೂ ವರ್ಕ್‌ಶಾಪು ತೆರೆದಿತ್ತು. ಅಮೀನ್‌ಸಾಬನಿಗೆ ನಾಳೆ ಬೆಳಿಗ್ಗೆ ಶಾಫ್ಟು ಬೇಕು. ಬೋರ್ಡಿನಲ್ಲಿ ಭಾರತಿ "ಯಾರೂ" ಎಂದು ಮೊದಲಿಗೆ ಸೇರಿಸಿದ್ದಾಳೆ, ಕೊನೆಗೆ "ನಾವೂ" ಎಂದು. ಆ ಎರಡು ಮಾತು ನನ್ನ ಕೈಯಿಂದಲೇ ಬರೆಸಿದಳು. ನನ್ನ ಅಕ್ಷರ ದುಂಡಗಿದೆಯಂತೆ.

ಶಾಫ್ಟು ಬ್ಲಾಸ್ಟ್ ಆಗಿ, ಬೂದಿಬಣ್ಣಕ್ಕೆ ತಿರುಗಿ ನಿಂತಿತ್ತು. ಭಾರತಿ ಗನ್ನಿಗೆ ಪುಡಿ ತುಂಬುತ್ತಿದ್ದಳು. ನಾನು ಕೈಗೆ ಹೊಸ ಗವುಸು ಹಾಕಿ ಬೆಲ್ಟು ನೋಡುತ್ತಿದ್ದೆ. ಒಳಗೆ ಹೆಬ್ಬೆರಳು ತುರಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಕರಿಬಸಯ್ಯನವರು ಬಂದರು. ಲೇತಿಗೆ ಮೂರು ಪಟ್ಟೆ, ಡ್ರಿಲ್ಲಿಗೆ ಮೂರು ಪಟ್ಟೆ. ಮಂತ್ರ ಹೇಳುತ್ತ, ವಿಭೂತಿಯಲ್ಲಿ ಬೆರಳು ಅದ್ದಿಕೊಂಡು ನೇರ ಶಾಫ್ಟಿನ ಕಡೆ ಬಂದರು. ನಾನು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಅಯ್ಯನವರಿಗೆ ಆ ಮಾತು ಹೇಳುವ ಅಭ್ಯಾಸ ನನ್ನ ನಾಲಿಗೆಗಿಲ್ಲ.

"ಅಯ್ಯಾರ! ಮುಟ್ಟಬ್ಯಾಡ್ರಿ!"

ಕೂಗಿದವರು ಸಾವ್ಕಾರರು. ಕಾಯಿ ಒಡೆಯುತ್ತಿದ್ದವರು ಅದನ್ನು ಕೈಯಲ್ಲೇ ಹಿಡಿದುಕೊಂಡು ಓಡಿ ಬಂದರು.

ಅಯ್ಯನವರ ಬೆರಳು ಗಾಳಿಯಲ್ಲಿ ನಿಂತಿತು. "ನಾ ಮುಟ್ಟಬಾರದೇನು?" ಎಂದು ಕೇಳಿದರು ಅಯ್ಯನವರು. ಸಿಟ್ಟಿನಿಂದಲ್ಲ, ಆ ಪ್ರಶ್ನೆಯನ್ನು ಅವರು ಜೀವನದಲ್ಲಿ ಮೊದಲ ಸಲ ಕೇಳುತ್ತಿದ್ದರು. ನನಗೆ ಐವತ್ನಾಲ್ಕು ವರ್ಷ. ಆ ಮಾತು ಆ ದಿಕ್ಕಿಗೆ ಹೋದದ್ದನ್ನು ನಾನು ನೋಡಿದ್ದೂ ಮೊದಲ ಸಲವೇ.

"ಬರಿಗೈಲೆ ಬ್ಯಾಡ್ರಿ ಅಯ್ಯಾರ" ಎಂದು ನನ್ನ ಬಳಿ ಇದ್ದ ಇನ್ನೊಂದು ಜೊತೆ ಗವುಸು ಕೊಟ್ಟೆ. "ಯಾರ ಕೈನೂ ನಡಿಯಂಗಿಲ್ಲ. ಸಾವ್ಕಾರ್ರದಂತೂ ಏನೇನೂ ನಡಿಯಂಗಿಲ್ಲ." ಅಯ್ಯನವರು ಗವುಸನ್ನೂ ನನ್ನನ್ನೂ ನೋಡಿದರು. ಆಮೇಲೆ ನನ್ನ ಕೈಯಿಂದ ತೆಗೆದುಕೊಂಡು ಪಕ್ಕಕ್ಕೆ ಇಟ್ಟು, ದೂರದಿಂದಲೇ ಕರ್ಪೂರ ಬೆಳಗಿದರು.

ಸ್ಪ್ರೇ ಆಯಿತು, ಗ್ರೈಂಡಿಂಗ್ ಆಯಿತು. ಚಕ್ಕೆ ಏಳಲಿಲ್ಲ. ಪರೀಕ್ಷೆಗೆಂದು ಜತೆಗೇ ಸ್ಪ್ರೇ ಮಾಡಿದ ತಗಡನ್ನು ಎರಡು ಮಡಿಕೆ ಬಗ್ಗಿಸಿದರೂ ಏಳಲಿಲ್ಲ. ಕನ್ನಡಿಯ ಹಾಗೆ ಹೊಳೆಯುವ ಶಾಫ್ಟನ್ನು ಮುಂದಿಟ್ಟು ಭಾರತಿ, "ಕಾಕಾ, ಇನ್ನ ಗವುಸು ತಗೀರಿ. ಈಗ ನಿಮ್ಮ ಕೈ ಬೇಕು" ಎಂದಳು. ತುದಿ ಹಿಡಿದು ಸವರಿದೆ. "ಈ ಕಡಿ ಕೂದಲಷ್ಟು ದಪ್ಪ ಐತಿ" ಎಂದೆ. ಆಕೆ ಅಳೆದಳು. ಕೂದಲಷ್ಟೇ ದಪ್ಪವಿತ್ತು. ಕಣ್ಣು ತುಂಬಿತು. ಹರಳಿನ ಪುಡಿ ಬಿದ್ದಿತೆಂದು ಹೇಳಿದೆ, ಆಕೆ ನಂಬಿದ ಹಾಗೆ ಮಾಡಿದಳು.

ಲಾರಿಯವನಿಗೆ ಬರಬೇಡ ಎಂದು ಸಾವ್ಕಾರರು ಹೇಳಿಯಾಗಿದೆ. ಯಂತ್ರ ಉಳಿಯಿತು, ಭಾರತಿ ಉಳಿದಳು. ನಾನು ಹೆಲ್ಪರ್ ಆಗಿಯೇ ಉಳಿದೆ.

ಸಂಜೆ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಪೀರಮ್ಮನಿಗೆ ಎಲ್ಲ ಹೇಳಿದೆ. ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು, "ಚನ್ನವೀರಪ್ಪ ಅಯ್ಯಾರಿಗಿ ಏನಂದ? ಇನ್ನೊಮ್ಮಿ ಹೇಳು" ಎಂದಳು. ಮೂರು ಸಲ ಹೇಳಿಸಿದಳು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಡೈರಿಗೆ ಒಂದು ಸಲ ಸಾಕು.